ಅಂಗಳ, ಹಿತ್ತಲಿನ ಕೆಲಸ: ಈ ವಯಸ್ಸಿನಲ್ಲಿ ನಾವೇ ಮಾಡುವುದೋ, ಜನ ಮಾಡುವುದೋ?

ಪುತ್ತೂರು ಟೀಚರ್:
ಎಲ್ಲರಿಗೂ ನಮಸ್ಕಾರ. ನನಗೆ 69, ನಮ್ಮವರಿಗೆ 74. ಪುತ್ತೂರಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ತೋಟವನ್ನು ಮೈದುನನ ಮಗ ನೋಡಿಕೊಳ್ಳುತ್ತಾನೆ, ಆ ಚಿಂತೆ ಇಲ್ಲ. ನಮಗೆ ಉಳಿದಿರುವುದು ಮನೆಯ ಸುತ್ತಿನದು. ಅಂಗಳ, ಹಿತ್ತಲು, ಬಾವಿಕಟ್ಟೆಯ ಬದಿಯ ಹೂಗಿಡಗಳು, ಏಳೆಂಟು ತೆಂಗು, ಎರಡು ಹಲಸು, ಗೇಟಿನವರೆಗಿನ ದಾರಿ. ಎಲ್ಲ ಸೇರಿ ಅರ್ಧ ಎಕರೆ ಆದೀತು.

ಮಳೆ ಹಿಡಿದ ಮೇಲೆ ಇಲ್ಲಿಯ ಹುಲ್ಲಿನ ಅಬ್ಬರ ನಿಮಗೆ ಗೊತ್ತೇ ಉಂಟು. ಒಂದು ಬದಿ ತೆಗೆದು ಮುಗಿಸುವಾಗ ಇನ್ನೊಂದು ಬದಿ ಮೊಣಕಾಲೆತ್ತರ ಬಂದಿರುತ್ತದೆ. ಇವರಿಗೆ ಬಿಪಿ, ಶುಗರ್ ಎರಡೂ ಉಂಟು. ಆದರೂ ಬೆಳಿಗ್ಗೆ ಕಾಫಿ ಕುಡಿದು ಕತ್ತಿ ಹಿಡಿದು ಹೊರಟರೆ ಬಿಸಿಲೇರುವವರೆಗೆ ಒಳಗೆ ಬರುವುದಿಲ್ಲ. ಕಳೆದ ಮಳೆಗಾಲ ಬಾವಿಕಟ್ಟೆಯ ಹತ್ತಿರ ಪಾಚಿಯಲ್ಲಿ ಜಾರಿ ಬಿದ್ದರು. ಪುಣ್ಯಕ್ಕೆ ಕೈ ಉಳುಕಿದ್ದಷ್ಟೇ. ಈಗ ಏಣಿ ಇಟ್ಟು ಹಲಸಿನ ಮರದ ಮೆಣಸಿನ ಬಳ್ಳಿಗೆ ಹತ್ತುತ್ತೇನೆ ಎನ್ನುತ್ತಾರೆ.

ಮಗಳು ಬೆಂಗಳೂರಲ್ಲಿ, ಮಗ ಕೆನಡಾದಲ್ಲಿ. ಇಬ್ಬರದೂ ಒಂದೇ ಮಾತು, "ಜನ ಮಾಡಿ ಅಮ್ಮಾ, ದುಡ್ಡು ನಾವು ಕಳಿಸುತ್ತೇವೆ." ಇವರು ಕೇಳುವುದು ಬೇರೆ. "ಅಂಗಳದ ಹುಲ್ಲಿಗೂ ಜನ ಮಾಡಿದರೆ ಮತ್ತೆ ಬೆಳಿಗ್ಗೆ ಎದ್ದು ನಾನು ಎಂತ ಮಾಡುವುದು?" ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿಮ್ಮ ಮನೆಗಳಲ್ಲಿ ಹೇಗೆ? ಎಷ್ಟು ಕೊಡುತ್ತೀರಿ, ಯಾವ ಕೆಲಸ ಬಿಟ್ಟುಕೊಟ್ಟಿದ್ದೀರಿ, ಯಾವುದನ್ನು ಕೈಯಲ್ಲೇ ಇಟ್ಟುಕೊಂಡಿದ್ದೀರಿ?

ಸುಳ್ಯದ ಹಲಸು:
ಟೀಚರೇ, ನಮ್ಮ ಬದಿಯ ಲೆಕ್ಕ ಹೇಳುತ್ತೇನೆ. ಗಂಡಾಳಿಗೆ ದಿನಕ್ಕೆ 800, ಊಟ ಚಾ ಬೇರೆ. ಹುಲ್ಲು ಕೊಚ್ಚುವ ಮಿಷನಿನವರು ಗಂಟೆಗೆ 250ರಿಂದ 300 ತೆಗೆದುಕೊಳ್ಳುತ್ತಾರೆ, ಪೆಟ್ರೋಲ್ ಅವರದೇ. ತೆಂಗಿನಕಾಯಿ ಕೀಳಲು ಮರಕ್ಕೆ 50. ಅರ್ಧ ಎಕರೆ ಅಂದರೆ ಬೆಳಿಗ್ಗೆ ಬಂದವರು ಮಧ್ಯಾಹ್ನದೊಳಗೆ ಮುಗಿಸುತ್ತಾರೆ. ಮಳೆಗಾಲದಲ್ಲಿ ಎರಡು ಸಲ, ನವರಾತ್ರಿ ಹೊತ್ತಿಗೆ ಒಂದು ಸಲ ಮಾಡಿಸಿದರೆ ವರ್ಷ ದಾಟುತ್ತದೆ. ಕಷ್ಟ ದುಡ್ಡಿನದ್ದಲ್ಲ, ಕರೆದ ದಿನ ಜನ ಸಿಗುವುದು.

ಜಯನಗರ ಟಿ ಬ್ಲಾಕ್:
ಮೇಡಂ, ಈ ವಯಸ್ಸಲ್ಲಿ ಅರ್ಧ ಎಕರೆ ಯಾಕೆ ಬೇಕು? ಅದನ್ನೂ ಮೈದುನರ ಮಗನಿಗೇ ಒಪ್ಪಿಸಿ ಮಗಳ ಹತ್ತಿರ ಬಂದುಬಿಡಿ. ಬಿದ್ದು ಸೊಂಟದ ಮೂಳೆ ಮುರಿದರೆ ಅಲ್ಲಿಂದ ದೊಡ್ಡಾಸ್ಪತ್ರೆಗೆ ಹೋಗೋದು ಎಷ್ಟು ಹೊತ್ತು ಯೋಚಿಸಿ.

ಶರಾವತಿ ಎಡದಂಡೆ:
@ಜಯನಗರ ಟಿ ಬ್ಲಾಕ್, ಅವರು ಕೇಳಿದ್ದು ಹುಲ್ಲಿನ ವಿಷಯ, ಮನೆ ಬಿಡೋ ವಿಷಯ ಅಲ್ಲ. ನಮ್ಮ ಅಪ್ಪಯ್ಯನಿಗೆ 81, ಸಾಗರದ ಹತ್ತಿರದ ಹಳ್ಳಿ. ಅಮ್ಮ ಹೋದ ಮೇಲೆ ಬೆಂಗಳೂರಿಗೆ ಕರ್ಕೊಂಡು ಬಂದ್ವಿ. ಏಳನೇ ಮಹಡಿ. ಊಟ, ಟಿವಿ, ನಿದ್ದೆ. ಮಂಡಿ ಹಿಡ್ಕೊಂಡು ಗೋಡೆ ಹಿಡ್ಕೊಂಡು ನಡೆಯೋ ಹಾಗಾಯ್ತು. ಊರಿಗೆ ವಾಪಸ್ ಹೋದ ಮೇಲೆ ದಿನಾ ಹೂ ಕೊಯ್ಯೋದು, ತರಗೆಲೆ ಗುಡಿಸೋದು, ಬಾಳೆ ಬುಡ ಬಿಡಿಸೋದು. ಈಗ ಕೋಲಿಲ್ಲದೆ ತೋಟದ ಮೇಲಿನ ದಣಪೆವರೆಗೂ ಹೋಗಿ ಬರ್ತಾರೆ. ಕಷ್ಟದ ಕೆಲಸಕ್ಕೆ ಜನ ಬರ್ತಾರೆ, ಅದು ಬೇರೆ. ಆದರೆ ಎಲ್ಲಾ ಕಿತ್ಕೊಂಡು ಕೂರಿಸೋದು ಸುರಕ್ಷತೆ ಅಲ್ಲ ಮಾರಾಯ್ರೆ.

ಜಯನಗರ ಟಿ ಬ್ಲಾಕ್:
ನಾನು ಯಾರನ್ನೂ ಕೂರಿಸಿ ಅಂದಿಲ್ಲ. ನಮ್ಮ ತಾಯಿ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದದ್ದನ್ನು ಕಣ್ಣಾರೆ ನೋಡಿದ್ದೀನಿ. ಅವರೂ ಹೂ ಕೊಯ್ಯಕ್ಕೇ ಹೋಗಿದ್ದು. ಆ ಭಯ ಇರೋನು ಹೀಗೇ ಮಾತಾಡೋದು.

ಶರಾವತಿ ಎಡದಂಡೆ:
ಅದು ಗೊತ್ತಿರಲಿಲ್ಲ. ನಿಮ್ಮ ಭಯ ಸುಳ್ಳಲ್ಲ.

ಕರಾವಳಿ ವೈದ್ಯೆ:
ಉಡುಪಿ ಕಡೆ ವೈದ್ಯಳಾಗಿ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು, ಯಜಮಾನರ ಪ್ರಶ್ನೆ ಸರಿಯಾಗಿಯೇ ಉಂಟು. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಮಾಡಬೇಕು, ಅದರ ಜೊತೆ ವಾರಕ್ಕೆ ಮೂರು ದಿನವಾದರೂ ಕಾಲಿನ ಬಲ ಮತ್ತು ಸಮತೋಲನಕ್ಕೆ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಗುಡಿಸುವುದು, ನೀರು ಹೊರುವುದು, ಕುಂಟೆ ಎಳೆಯುವುದು ಎಲ್ಲ ಈ ಲೆಕ್ಕಕ್ಕೆ ಬರುತ್ತದೆ. ಕೂತವರಿಗಿಂತ ಓಡಾಡುವವರ ಕಾಲೇ ಗಟ್ಟಿ.

ಆದರೆ ಶುಗರ್ ಇರುವವರು ನಮ್ಮ ಮಳೆಗಾಲದ ಮಣ್ಣಿಗೆ ಬರಿಗಾಲಲ್ಲಿ ಇಳಿಯಲೇಬಾರದು. ಇಲಿಜ್ವರ ಎಲ್ಲರಿಗೂ ಗೊತ್ತು. ಮೆಲಿಯೋಯ್ಡೋಸಿಸ್ ಅಂತ ಇನ್ನೊಂದು ಉಂಟು, ಮಣ್ಣಲ್ಲಿ ಮತ್ತು ನಿಂತ ನೀರಲ್ಲಿ ಇರುವ ಬ್ಯಾಕ್ಟೀರಿಯಾದಿಂದ ಬರುವಂಥದ್ದು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಇದು ಕಾಣುತ್ತದೆ, ಹೆಚ್ಚಾಗಿ ಸಕ್ಕರೆ ಕಾಯಿಲೆಯವರಲ್ಲೇ. ಕಾಲಲ್ಲಿ ಸಣ್ಣ ಗಾಯ ಇದ್ದರೆ ಸಾಕು. ಗಂಬೂಟ್ ಹಾಕಿ. ಹಿತ್ತಲ ಕೆಲಸ ಮಾಡಿದ ವಾರಗಳಲ್ಲಿ ಬಿಡದ ಜ್ವರ ಬಂದರೆ "ಮಣ್ಣಲ್ಲಿ ಕೆಲಸ ಮಾಡುತ್ತಿದ್ದೆ, ಶುಗರ್ ಉಂಟು" ಎಂದು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಆ ಒಂದು ಮಾತಿನಿಂದ ಪರೀಕ್ಷೆ ಬೇಗ ಆಗುತ್ತದೆ.

ಕುಕ್ಕುರುಗಾಲಲ್ಲಿ ಕೂತು ಕಳೆ ಕಿತ್ತು ತಟ್ಟನೆ ಎದ್ದರೆ ತಲೆ ಸುತ್ತುವುದು ಬಿಪಿ ಮಾತ್ರೆಯವರಿಗೆ ಸಾಮಾನ್ಯ. ಗಂಡಸರಲ್ಲಿ ಪ್ರೋಸ್ಟೇಟಿಗೆ ಕೊಡುವ ಕೆಲವು ಮಾತ್ರೆಗಳೂ ಹಾಗೆ ಮಾಡುತ್ತವೆ. ಹಾಗಾಗಿ ಸಣ್ಣ ಸ್ಟೂಲ್ ಇಟ್ಟು ಕೂತು ಮಾಡಲಿ, ಎದ್ದ ಮೇಲೆ ಅರೆನಿಮಿಷ ನಿಂತು ಹೆಜ್ಜೆ ಇಡಲಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಕತ್ತಿ ಮುಟ್ಟದಿದ್ದರೆ ಒಳ್ಳೆಯದು. ಟಿಟಿ ಇಂಜೆಕ್ಷನ್ ಹತ್ತು ವರ್ಷಕ್ಕೊಮ್ಮೆ.

ಏಣಿ? 74ರಲ್ಲಿ ಏಣಿ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಪುತ್ತೂರು ಟೀಚರ್:
ಡಾಕ್ಟ್ರೇ, ಈ ಕೊನೆಯ ಸಾಲನ್ನು ಅವರಿಗೆ ಓದಿ ಹೇಳಿದೆ. "ಡಾಕ್ಟರಿಗೆ ಮೆಣಸಿನ ರೇಟು ಗೊತ್ತಿಲ್ಲ" ಎಂದರು.

ಕಾವೇರಿ ಕಣಿವೆ:
ಮೆಣಸಿನ ರೇಟು ಚೆನ್ನಾಗಿ ಗೊತ್ತಿರೋ ಊರಿಂದ ಬರೀತಿದ್ದೀನಿ ಅಕ್ಕ, ಮಡಿಕೇರಿ ಹತ್ತಿರದವಳು. ಏಣಿ ಅಲ್ಯೂಮಿನಿಯಮ್ಮಾ, ಬಿದಿರಾ? ಅಲ್ಯೂಮಿನಿಯಂ ಆಗಿದ್ರೆ ಮರದ ಮೇಲೆ ಕರೆಂಟ್ ತಂತಿ ಹೋಗಿದೆಯಾ ಅಂತ ಮೊದಲು ನೋಡಿ. ಮೆಣಸು ಕೊಯ್ಯುವಾಗ ಏಣಿ ಒಂದು ಮರದಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗ್ತಾರಲ್ಲ, ಆಗಲೇ ತಂತಿಗೆ ತಾಗೋದು. ಪ್ರತಿ ಕೊಯ್ಲಿನಲ್ಲಿ ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಇಂಥ ಸಾವು ಕೇಳ್ತೀವಿ. ಸತ್ತವರಲ್ಲಿ ಕೂಲಿಗೆ ಬಂದವರೇ ಜಾಸ್ತಿ. ಅದಕ್ಕೇ ಇದು "ನಾನು ಹತ್ತಲ್ಲ, ಜನ ಹತ್ತಲಿ" ಅಂತ ಮುಗಿಯೋ ಮಾತಲ್ಲ. ನಿಮ್ಮ ಮನೆಗೆ ಬಂದವರ ಜೀವವೂ ನಿಮ್ಮ ಜವಾಬ್ದಾರಿ. ತಂತಿ ಇದ್ರೆ ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿಯೇ ಏಣಿ ಎತ್ತಿಸಿ.

ಸುಳ್ಯದ ಹಲಸು:
ಇದು ನೂರಕ್ಕೆ ನೂರು. ಅಡಿಕೆ ಕೊಯ್ಯುವ ದೋಟಿಗೂ ಇದೇ ಮಾತು. ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ, ಹಗುರ ಉಂಟೆಂದು ತಂತಿ ಬದಿ ಎತ್ತಬೇಡಿ.

ಕಟ್ಟಿಂಗ್ ಮಿಷನ್:
ನಾನು ಇಲ್ಲಿ ಬರೆಯುವುದು ಕಡಿಮೆ. ನಾನು ಹುಲ್ಲು ಕೊಚ್ಚುವ ಮಿಷನ್ ಹಿಡಿದು ಮನೆ ಮನೆಗೆ ಹೋಗುವವನು, ಬಂಟ್ವಾಳ ತಾಲೂಕು. ನಮ್ಮ ಬದಿಯಿಂದಲೂ ಒಬ್ಬ ಹೇಳಬೇಕಲ್ಲ.

ಹಿರಿಯರು ಇರುವ ಮನೆಯಲ್ಲಿ ನನಗೆ ಆಗುವ ದೊಡ್ಡ ಹೆದರಿಕೆ ಎಂದರೆ ಅವರು ನನ್ನ ಹಿಂದೆಯೇ ಬರುವುದು. "ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ" ಎಂದು ತೋರಿಸಲಿಕ್ಕೆ. ಬ್ಲೇಡ್ ತಿರುಗುವಾಗ ಕಲ್ಲಿನ ಚೂರು ಗುಂಡಿನ ಹಾಗೆ ಹಾರುತ್ತದೆ. ಮಿಷನಿನ ಪುಸ್ತಕದಲ್ಲೇ 15 ಮೀಟರ್ ಒಳಗೆ ಯಾರೂ ಬರಬಾರದು ಎಂದು ಬರೆದಿರುತ್ತದೆ. ನಾವು ಕನ್ನಡಕ, ಬೂಟು ಹಾಕಿರುತ್ತೇವೆ, ಅವರು ಬರೀ ಪಂಚೆಯಲ್ಲಿ ಇರುತ್ತಾರೆ. ಏನು ಹೇಳಬೇಕೋ ಮಿಷನ್ ಸ್ಟಾರ್ಟ್ ಮಾಡುವ ಮೊದಲೇ ಹೇಳಿ, ಆಮೇಲೆ ಜಗಲಿಯಲ್ಲಿ ಕೂರಿ.

ಎರಡನೆಯದು, ನಿಮಗೆ ಬೇಕಾದ ಗಿಡ ಯಾವುದು ಎಂದು ನಮಗೆ ಹೇಗೆ ಗೊತ್ತಾಗಬೇಕು? ಹುಲ್ಲು ಎದೆಮಟ್ಟ ಇರುವಾಗ ಒಳಗೆ ಗೇರಿನ ಸಸಿ ಉಂಟೋ, ದಾಸವಾಳದ ಗೆಲ್ಲು ನೆಟ್ಟಿದ್ದಾರೋ ಕಾಣುವುದಿಲ್ಲ. ಹಿಂದಿನ ದಿನ ಒಂದೊಂದು ಕೋಲು ಊರಿ ಕೆಂಪು ಬಟ್ಟೆ ಕಟ್ಟಿ. ಆ ಕೆಲಸ ನಿಮ್ಮ ಯಜಮಾನರಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಿಕ್ಕಿಲ್ಲ ಟೀಚರೇ. ಮನೆಯ ಗೋಡೆ ಬದಿ, ಪೈಪ್ ಬದಿ ಬ್ಲೇಡ್ ಹಾಕಿಸಬೇಡಿ, ನೈಲಾನ್ ದಾರ ಹಾಕಲು ಹೇಳಿ.

ಕರೆದ ದಿನ ಜನ ಸಿಗುವುದಿಲ್ಲ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಸಿಗುವ ಮನೆಯೂ ಉಂಟು. ಹೆಸರು ಹಿಡಿದು ಮರ್ಯಾದೆಯಲ್ಲಿ ಕರೆಯುವ, ತಾವು ಕುಡಿಯುವ ಲೋಟದಲ್ಲೇ ನೀರು ಕೊಡುವ, ಅದೇ ಸಂಜೆ ದುಡ್ಡು ಕೊಟ್ಟು ಕಳಿಸುವ ಮನೆಗೆ ನಾವು ಮಳೆ ಬಂದರೂ ಹೋಗುತ್ತೇವೆ. ಹಿತ್ತಲಿಗೆ ಕರೆದು ತೆಂಗಿನ ಗೆರಟೆಯಲ್ಲಿ ಚಾ ಕೊಡುವ ಮನೆ ಈಗಲೂ ಇದೆ. ಅಂಥವರು ಫೋನ್ ಮಾಡಿದರೆ ಪುರುಸೊತ್ತಿಲ್ಲ ಎನ್ನುತ್ತೇವೆ. ಅದು ಸುಳ್ಳು ಎಂದು ಅವರಿಗೂ ಗೊತ್ತು.

ಶರಾವತಿ ಎಡದಂಡೆ:
ಈ ಕೊನೇ ಪ್ಯಾರಾ ಎಲ್ಲರೂ ಇನ್ನೊಂದು ಸಲ ಓದಿ.

ಪುತ್ತೂರು ಟೀಚರ್:
ತಮ್ಮಾ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಲೋಟದ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ನಮ್ಮ ಮನೆಯಲ್ಲಿ ಹಾಗಿಲ್ಲ, ಆದರೆ ನಮ್ಮ ಊರಲ್ಲಿ ಇಲ್ಲ ಎಂದು ನಾನು ಹೇಳಲಾರೆ.

ಪೇಟೆಯ ಮಲ್ಲಿಗೆ:
ಗಿಡ ಕತ್ತರಿಸಿ ಹೋಗೋ ವಿಷಯ ಅಂದ್ರೆ, ನಮ್ಮತ್ತೆ ಹಿತ್ತಲಲ್ಲಿ ಒಂದೆಲಗ ಹಬ್ಬಿಸಿದ್ರು, ಪಕ್ಕದಲ್ಲೇ ನೆಲನೆಲ್ಲಿ, ಗರಿಕೆ. ಮಿಷನ್ ಬಂದ ದಿನ ನಾವು ಮದುವೆಗೆ ಹೋಗಿದ್ವಿ. ಬಂದು ನೋಡಿದ್ರೆ ನೆಲ ನುಣ್ಣಗೆ. ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಸೊರಬದವಳು:
ಒಂದೆಲಗಕ್ಕೇನೂ ಆಗಲ್ಲ, ಬೇರಿದ್ರೆ ಹದಿನೈದು ದಿನಕ್ಕೆ ಚಿಗುರ್ತದೆ.

ಪೇಟೆಯ ಮಲ್ಲಿಗೆ:
ಚಿಗುರಿತು ಹೌದು! ತಂಬುಳಿಗೆ ನೀವು ಹಸಿದೇ ಹಾಕ್ತೀರಾ, ಹುರಿದಾ?

ಸೊರಬದವಳು:
ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಸೊಪ್ಪು ಒಮ್ಮೆ ಬಾಡಿಸಿ ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕೋದು. ಹಸಿದೂ ಮಾಡ್ತಾರೆ, ಸ್ವಲ್ಪ ಒಗರು ಬರ್ತದೆ.

ಸುಳ್ಯದ ಹಲಸು:
ತಂಬುಳಿಗೆ ಇನ್ನೊಂದು ಚರ್ಚೆ ತೆರೆಯಿರಿ ಮಾರಾಯ್ರೇ, ಇಲ್ಲಿ ಟೀಚರ ಪ್ರಶ್ನೆ ಉಂಟು.

ಸೊರಬದವಳು:
ಸರಿ ಸರಿ. ನಾನು ಬಂದದ್ದು ಬೇರೆ ಕಾರಣಕ್ಕೆ. ಮಲೆನಾಡಿನ ಕಡೆ ಮನೆ ಸುತ್ತ ತರಗೆಲೆ ಗುಡಿಸೋ ಹಿರಿಯರಿಗೆ ಮಂಗನ ಕಾಯಿಲೆ ನೆನಪಿರಲಿ. ನಮ್ಮ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಲ್ಲೇ 1957ರಲ್ಲಿ ಇದನ್ನ ಮೊದಲು ಗುರುತಿಸಿದ್ದು. ಉಣುಗು ಕಚ್ಚಿ ಬರೋದು. ಮಳೆಗಾಲಕ್ಕಿಂತ ಬೇಸಿಗೆ ಕಡೆಗೇ ಇದರ ಕಾಟ, ಡಿಸೆಂಬರ್‌ನಿಂದ ಮೇ ತನಕ. ಅದೇ ಹೊತ್ತಲ್ಲಿ ತರಗೆಲೆ ಉದುರೋದು, ಕೊಟ್ಟಿಗೆಗೆ ಅಂತ ಗುಡಿಸಿ ತರೋದು. ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ಹಚ್ಕೊಳ್ಳೋ ಡೆಪಾ ಎಣ್ಣೆ ಕೊಡ್ತಾರೆ, ಕೈಕಾಲಿಗೆ ಹಚ್ಕೊಂಡೇ ಹೋಗಬೇಕು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ. ಮಂಗ ಸತ್ತದ್ದು ಕಂಡ್ರೆ ಆ ಕಡೆ ಹೋಗಲೇ ಬೇಡಿ, ಆಸ್ಪತ್ರೆಗೆ ತಿಳಿಸಿ. ನಮ್ಮಲ್ಲಿ ಆ ತಿಂಗಳುಗಳಲ್ಲಿ ಅಜ್ಜನ ಕೈಯಿಂದ ಕುಂಟೆ ತೆಗೆದಿಡ್ತೀವಿ. ಬೇರೆ ಕೆಲಸ ಬೇಕಾದಷ್ಟಿದೆ.

ಕರಾವಳಿ ವೈದ್ಯೆ:
ಒಳ್ಳೆಯ ಮಾತು. ಹಾವಿನದ್ದೂ ಸೇರಿಸುತ್ತೇನೆ. ತರಗೆಲೆ ರಾಶಿಗೆ, ಕಾಯಿಸಿಪ್ಪೆಯ ಗುಡ್ಡೆಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ಕೊಳಕುಮಂಡಲ ಅಲ್ಲಾಡದೆ ಮಲಗಿರುತ್ತದೆ. ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮದ್ದಿನ ಎಲೆ ಹುಡುಕುವುದು ಬೇಡ. ಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಿ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕು. ಅಷ್ಟು ಗಂಭೀರ ವಿಷಯ ಇದು.

ಬಯಲುಸೀಮೆ ಬಸಣ್ಣ:
ಇಷ್ಟೆಲ್ಲಾ ತಾಪತ್ರಯ ಯಾಕ್ರೀ, ಒಂದು ಕ್ಯಾನ್ ಕಳೆನಾಶಕ ಹೊಡಸ್ರಿ, ಮೂರು ತಿಂಗಳು ನಿಶ್ಚಿಂತಿ. ನಮ್ಮ ಹೊಲದ ಬದುವಿಗೆ ನಾವು ಅದನ್ನ ಮಾಡ್ತೀವಿ.

ಸುಳ್ಯದ ಹಲಸು:
ಬೇಡವೇ ಬೇಡ. ಅವರ ಅಂಗಳದಲ್ಲಿ ಬಾವಿ ಉಂಟು, ಕುಡಿಯುವ ನೀರು.

ಕಾವೇರಿ ಕಣಿವೆ:
ಅಣ್ಣಾ, ಗ್ಲೈಫೋಸೇಟ್ ಅನ್ನೋ ಕಳೆನಾಶಕವನ್ನ ಕೇಂದ್ರ ಸರ್ಕಾರ 2022ರಲ್ಲೇ ನಿರ್ಬಂಧಿಸಿದೆ, ಪರವಾನಗಿ ಇರೋ ಪೆಸ್ಟ್ ಕಂಟ್ರೋಲ್‌ನವರು ಮಾತ್ರ ಬಳಸಬೇಕು ಅಂತ. ಪ್ಯಾರಾಕ್ವಾಟ್ ಅನ್ನೋ ಇನ್ನೊಂದು ಕಳೆನಾಶಕ ಅಂತೂ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿಮದ್ದೇ ಇಲ್ಲ. ವಯಸ್ಸಾದವರ ಮನೆ, ರಜೆಗೆ ಮೊಮ್ಮಕ್ಕಳು ಬರ್ತಾರೆ. ಅಂಥ ಬಾಟಲಿ ಮನೆಯೊಳಗೆ ಇರಬಾರದು.

ಬಯಲುಸೀಮೆ ಬಸಣ್ಣ:
ಬಾವಿ ಸುದ್ದಿ ನಾ ನೋಡಿದ್ದಿಲ್ಲ. ಬಾವಿ ಇದ್ದಲ್ಲಿ ಬ್ಯಾಡ್ರಿ, ಒಪ್ಪಿದೆ. ಆದ್ರ ಹೊಲದಾಗ ಆಳು ಸಿಗದ ರೈತ ಏನ್ ಮಾಡಬೇಕು ಅನ್ನೋದಕ್ಕ ನಿಮ್ಮ ಹತ್ರ ಉತ್ತರ ಐತೇನ್ರಿ?

ಕಾವೇರಿ ಕಣಿವೆ:
ಹೊಲಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅಂಗಳಕ್ಕಿದೆ. ನೆಲ ಖಾಲಿ ಬಿಟ್ರೇ ಕಳೆ ಬರೋದು. ಗೇಟಿನ ದಾರಿಯ ಎರಡೂ ಬದಿ ಅರಾಕಿಸ್ ಪಿಂಟೋಯ್ ಹಬ್ಬಿಸಿ, ಶೇಂಗಾ ಜಾತಿಯ ಹಳದಿ ಹೂವಿನ ಬಳ್ಳಿ. ತುಂಡು ಊರಿದ್ರೆ ಹಿಡಿಯುತ್ತೆ, ನೆಲಕ್ಕೆ ಸಾರಜನಕವನ್ನೂ ಕೊಡುತ್ತೆ. ಮೊದಲ ಮಳೆಗಾಲ ಮಧ್ಯೆ ಮಧ್ಯೆ ಕಳೆ ಕೀಳಬೇಕು. ಆಮೇಲೆ ಅದೇ ಬೇರೆ ಹುಲ್ಲನ್ನ ತುಳಿದು ನಿಲ್ಲುತ್ತೆ. ಅಂಚು ಮಾತ್ರ ಕತ್ತರಿಸ್ತಾ ಇರಬೇಕು, ಇಲ್ಲಾಂದ್ರೆ ಗುಲಾಬಿ ಪಾತಿಗೂ ಬರುತ್ತೆ.

ಧಾರವಾಡದ ಅವ್ವನ ಮಗಳು:
ನಮ್ಮ ಕಡೆ ಇಂಥಾ ಮಳಿ ಇಲ್ಲ, ನಮ್ಮ ಕಾಟ ಕಾಂಗ್ರೆಸ್ ಕಸ. ಖಾಲಿ ಜಾಗಾ ಇದ್ದಲ್ಲೆಲ್ಲಾ ಅದ. ನಮ್ಮವ್ವಗ 78. ಅಕಿಗೆ ಬರೇ ಕೈಲೆ ಕಿತ್ತು ಕಿತ್ತು ಕೈತುಂಬ ತುರಿಕಿ, ಆಮ್ಯಾಲೆ ಉಬ್ಬಸ. ಡಾಕ್ಟರು ಆ ಗಿಡಾನ ಕಾರಣ ಅಂದ್ರು. ಈಗ ಹೂ ಬಿಡೂಕಿಂತ ಮೊದಲ ಒಬ್ಬರನ್ನ ಕರಸಿ ಬೇರು ಸಮೇತ ಕೀಳಸ್ತೀವಿ, ಅವರಿಗೂ ಕೈಗವಸು ಕೊಡ್ತೀವಿ. ಅವ್ವ ತುಳಸಿಕಟ್ಟಿ, ಮಲ್ಲಿಗಿ ಬಳ್ಳಿ, ಮೆಂತೆ ಪಲ್ಲೆ ಮಡಿ ನೋಡ್ಕೋತಾಳ. "ಇದು ನನ್ನ ಪಾಲು, ಅದು ನಿನ್ನ ಪಾಲು" ಅಂತ ಅಕಿನ ಗೆರಿ ಹಾಕ್ಯಾಳ. ನಾವು ಹಾಕಿದ್ರ ಕೇಳತಿದ್ದಿಲ್ಲ ಬಿಡ್ರಿ. ಟೀಚರ್ರ, ನಿಮ್ಮ ಯಜಮಾನ್ರಿಗೂ ಅವರನ್ನ ಕೇಳಿ ಪಾಲು ಮಾಡ್ರಿ.

ನ್ಯೂಜೆರ್ಸಿ ಕನ್ನಡಿಗ:
ನಮ್ಮ ಕಥೆ ಬೇರೆ ದೇಶದ್ದು, ಚಿಂತೆ ಅದೇ. ನನಗೆ 67. ಇಲ್ಲಿ ಮನೆ ಮುಂದಿನ ಹುಲ್ಲು ಏಪ್ರಿಲ್‌ನಿಂದ ಹೆಚ್ಚುಕಡಿಮೆ ನವೆಂಬರ್ ತನಕ ವಾರವಾರ ಕತ್ತರಿಸಬೇಕು. ಬೆಳೆಯಲು ಬಿಟ್ಟರೆ ನಮ್ಮ ಬಡಾವಣೆಯ ಸಂಘದಿಂದ ನೋಟಿಸ್ ಬರುತ್ತದೆ. ಮಂಡಿ ಆಪರೇಷನ್ ಆದ ಮೇಲೆ ಅದನ್ನು ಬಿಟ್ಟುಕೊಟ್ಟೆ. ಒಂದು ಸಲಕ್ಕೆ 50 ಡಾಲರ್. ಇಬ್ಬರು ಬಂದು ದೊಡ್ಡ ಯಂತ್ರದಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ. ನಿಜ ಹೇಳಬೇಕೆಂದರೆ ಆ ಹುಲ್ಲಿನ ಮೇಲೆ ನನಗೆ ಪ್ರೀತಿ ಯಾವತ್ತೂ ಇರಲಿಲ್ಲ. ಹಿತ್ತಲಿನ ಬದನೆ, ಹೀರೆ, ಮೆಂತ್ಯದ ಪಾತಿ ನನ್ನದೇ. ಸೊಂಟದೆತ್ತರದ ಮರದ ಪೆಟ್ಟಿಗೆಯಲ್ಲಿ ಮಣ್ಣು ತುಂಬಿಸಿದ್ದೇನೆ, ಬಗ್ಗುವುದೇ ಬೇಡ.

ಚಳಿಗಾಲದ ಹಿಮ ಎತ್ತುವ ಕೆಲಸವನ್ನು ಮಾತ್ರ ಯಾರೂ ಈ ವಯಸ್ಸಿನಲ್ಲಿ ಇಟ್ಟುಕೊಳ್ಳಬಾರದು. ಚಳಿಯಲ್ಲಿ ಭಾರ ಎತ್ತುವಾಗ ಹೃದಯಾಘಾತದ ಅಪಾಯ ಹೆಚ್ಚು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎಚ್ಚರಿಸುತ್ತಲೇ ಇರುತ್ತದೆ. ಊರಿನಿಂದ ಬಂದ ತಂದೆಯಂದಿರು "ಸುಮ್ಮನೆ ಕೂತು ಬೇಜಾರು" ಎಂದು ಸಲಿಕೆ ಹಿಡಿದು ಹೊರಗೆ ಹೋಗುವುದನ್ನು ನೋಡಿದ್ದೇನೆ. ಮಕ್ಕಳು ದಯವಿಟ್ಟು ತಡೆಯಿರಿ.

ಜಯನಗರ ಟಿ ಬ್ಲಾಕ್:
ಸೊಂಟದೆತ್ತರದ ಪಾತಿ ಚೆನ್ನಾಗಿದೆ. ನಮ್ಮನೆ ಮುಂದೆ ಕೊರಿಯನ್ ಹುಲ್ಲು ಹಾಕ್ಸಿದ್ವಿ, ಮಾಲಿ ವಾರಕ್ಕೊಮ್ಮೆ ಬರ್ತಾನೆ, ನೀರಿನ ಖರ್ಚು ಬೇರೆ. ಕಾವೇರಿ ನೀರು ಹುಲ್ಲಿಗೆ ಹಾಕೋದು ನನಗೇ ಸರಿ ಕಾಣ್ತಿಲ್ಲ, ತೆಗೆಸಿ ತರಕಾರಿ ಮಾಡ್ತೀನಿ. ಅಂದಹಾಗೆ ಉದುರಿದ ಎಲೆಗೆ ಬೆಂಕಿ ಹಾಕಿಸಬೇಡಿ. 2016ರಲ್ಲೇ ಹಸಿರು ನ್ಯಾಯಮಂಡಳಿ ಕಸ ಸುಟ್ಟರೆ 5000 ದಂಡ ಅಂದಿದೆ, ಆದರೂ ನಮ್ಮ ಬೀದೀಲಿ ಬೆಳಗಾದ್ರೆ ಹೊಗೆ.

ದೂರದ ಮಗ:
ಮಕ್ಕಳ ಕಡೆಯಿಂದ ಒಂದು ಮಾತು. ನಾನು ಪುಣೆಯಲ್ಲಿದ್ದೇನೆ, ಅಪ್ಪ ಅಮ್ಮ ಕುಂದಾಪ್ರದ ಹತ್ತಿರ. "ದುಡ್ಡು ಕಳಿಸ್ತೆ, ಜನ ಮಾಡಿ" ಎಂದು ನಾನೂ ಹೇಳುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು, ಮಾಡುತ್ತಿರಲಿಲ್ಲ. ಅಪ್ಪನಿಗೆ ನನ್ನ ದುಡ್ಡು ಖರ್ಚು ಮಾಡಲು ಮನಸ್ಸಿಲ್ಲ, ಯಾರಿಗೆ ಫೋನ್ ಮಾಡುವುದು, ಬಂದವರಿಗೆ ಅಡುಗೆ ಯಾರು ಮಾಡುವುದು ಎಂಬುದು ಅಮ್ಮನ ಚಿಂತೆ. ನಾಲ್ಕು ಜನಕ್ಕೆ ಅಡುಗೆ ಮಾಡಿ ಬಡಿಸುವುದು 70ರ ಹೆಂಗಸಿಗೆ ಹುಲ್ಲು ಕೀಳುವುದಕ್ಕಿಂತ ದೊಡ್ಡ ಕೆಲಸ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ಜನರಿಗೆ ನಾನೇ ಫೋನ್ ಮಾಡುತ್ತೇನೆ, ಊಟದ ಬಾಬ್ತು ಸೇರಿಸಿ ಕೂಲಿ ಕೊಡುತ್ತೇನೆ, ಪೇಟೆಯ ಹೋಟೆಲಿನಿಂದ ಪಾರ್ಸೆಲ್ ಬರುತ್ತದೆ. ಯಾವ ಮೂಲೆ ಮೊದಲು, ಯಾವ ಗಿಡ ಮುಟ್ಟಬಾರದು ಎಂಬುದೆಲ್ಲ ಅಪ್ಪನ ಯಜಮಾನಿಕೆ. ಜಗಳ ಪೂರಾ ನಿಂತಿಲ್ಲ, ಕಡಿಮೆಯಾಗಿದೆ.

ಪುತ್ತೂರು ಟೀಚರ್:
ಅಡುಗೆಯ ಮಾತು ಹೇಳಿದಿರಲ್ಲ, ನನ್ನ ಮನಸ್ಸಿನೊಳಗೆ ಇದ್ದದ್ದು ಅದೇ. ಮಕ್ಕಳಿಗೆ ಹೇಳಲು ಸಂಕೋಚ. ನಾನು ಜನ ಬೇಡ ಎಂದು ಸುಮ್ಮನಿದ್ದದ್ದಕ್ಕೆ ಅರ್ಧ ಕಾರಣ ಅದು. ಮಗಳಿಗೆ ನಿಮ್ಮ ಬರಹ ಕಳಿಸಿದೆ.

ಬ್ಯಾಂಕ್ ನಿವೃತ್ತ:
ಒಂದು ಉಪಯೋಗದ ಮಾಹಿತಿ. ಕೆಲಸಕ್ಕೆ ಬರುವವರು 18ರಿಂದ 70ರ ಒಳಗಿನವರಾಗಿದ್ದು ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಜೂನ್ 1ರಿಂದ ಮೇ 31ರವರೆಗೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಮನೆಗೆ ವರ್ಷಾನುಗಟ್ಟಲೆ ಬರುವವರ 20 ರೂಪಾಯಿ ನೀವೇ ಕೊಡಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಬೇರೆಯೇ ಇದೆ. ಮಂಡಳಿ 2011ರಿಂದ ಯಂತ್ರದಲ್ಲಿ ಮರ ಹತ್ತುವ ತರಬೇತಿಯನ್ನೂ ಕೊಡುತ್ತಾ ಬಂದಿದೆ.

ಕಟ್ಟಿಂಗ್ ಮಿಷನ್:
20 ರೂಪಾಯಿಯದ್ದು ನನ್ನದು ಉಂಟು, ಬ್ಯಾಂಕಿನವರೇ ಹೇಳಿ ಮಾಡಿಸಿದರು. ಆದರೆ ಬಿದ್ದು ಕಾಲು ಮುರಿದು ಎರಡು ತಿಂಗಳು ಮಲಗಿದರೆ ಅದರಲ್ಲಿ ಏನೂ ಸಿಗುವುದಿಲ್ಲ, ಅದು ಸಾವು ಮತ್ತು ಅಂಗ ಹೋದದ್ದಕ್ಕೆ ಮಾತ್ರ. ನಿಮ್ಮ ಮನೆಯಲ್ಲಿ ಪೆಟ್ಟಾದರೆ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತೇವೆ ಎಂದು ಮೊದಲೇ ಬಾಯಲ್ಲಿ ಹೇಳಿದರೂ ನಮಗೆ ಧೈರ್ಯ.

ಪೇಟೆಯ ಮಲ್ಲಿಗೆ:
ಪಾಚಿಗೆ ಯಾರೂ ಏನೂ ಹೇಳಲಿಲ್ಲ. ಬಿದ್ದದ್ದು ಪಾಚಿಯಲ್ಲಲ್ವಾ?

ಸುಳ್ಯದ ಹಲಸು:
ಹೌದು, ಅದೇ ಮುಖ್ಯ. ಹಳೆಯ ಕ್ರಮವೇ ಒಳ್ಳೆಯದು. ಮಳೆ ಶುರುವಾಗುವ ಮೊದಲು ಅಂಗಳಕ್ಕೆ ಅಡಿಕೆ ಸೋಗೆ, ತೆಂಗಿನ ಮಡಲು ಹಾಸಿಬಿಡಿ. ಪಾಚಿಯೂ ಹಿಡಿಯುವುದಿಲ್ಲ, ಹುಲ್ಲೂ ಏಳುವುದಿಲ್ಲ, ಮಣ್ಣೂ ಕೊಚ್ಚಿ ಹೋಗುವುದಿಲ್ಲ. ದೀಪಾವಳಿ ಹೊತ್ತಿಗೆ ಎತ್ತಿ, ಅಂಗಳ ಕೆತ್ತಿಸಿದರೆ ಅಡಿಕೆ ಒಣಹಾಕಲು ತಯಾರು. ಬಾವಿಕಟ್ಟೆಯ ಸಿಮೆಂಟಿಗೆ ಸೋಗೆ ನಿಲ್ಲುವುದಿಲ್ಲ, ಅಲ್ಲಿ ತಂತಿ ಬ್ರಷ್ಷಲ್ಲಿ ಉಜ್ಜಿಸಬೇಕು. ಬ್ಲೀಚಿಂಗ್ ಪುಡಿ ಬಾವಿಗೆ ಇಳಿಯುವ ಹಾಗೆ ಹಾಕಬೇಡಿ. ಕಟ್ಟೆಗೆ ಒಂದು ಕಬ್ಬಿಣದ ಹಿಡಿ ಕೂರಿಸಿ, ವೆಲ್ಡಿಂಗಿನವರಿಗೆ ಒಂದು ಗಂಟೆಯ ಕೆಲಸ.

ಕರಾವಳಿ ವೈದ್ಯೆ:
ಹಿಡಿಸೂಡಿಗೆ ಉದ್ದದ ಕೋಲು ಕಟ್ಟಿಕೊಡಿ, ನೆಟ್ಟಗೆ ನಿಂತು ಗುಡಿಸಬಹುದು. ಸೊಂಟನೋವಿನ ಎಷ್ಟೋ ಜನರಿಗೆ ಇದನ್ನೇ ಹೇಳಿದ್ದೇನೆ.

ಪುತ್ತೂರು ಟೀಚರ್:
ನಿನ್ನೆ ರಾತ್ರಿ ಇಬ್ಬರೂ ಕೂತು ಇದನ್ನೆಲ್ಲ ಓದಿದೆವು. ಧಾರವಾಡದವರು ಹೇಳಿದ ಹಾಗೆ ನಾನೇನೂ ಹೇಳದೆ, "ನೀವೇ ಪಾಲು ಮಾಡಿ" ಎಂದೆ. ಹಾಳೆ ತೆಗೆದು ಬರೆದರು. ಹುಲ್ಲು, ತೆಂಗು, ಅಂಗಳ ಕೆತ್ತುವುದು, ಬಾವಿಕಟ್ಟೆ ಉಜ್ಜುವುದು ಜನರಿಗೆ. ಹೂಗಿಡ, ಬಸಳೆ ಚಪ್ಪರ, ಗುಡಿಸುವುದು, ಗಿಡಗಳಿಗೆ ಕೆಂಪು ಬಟ್ಟೆ ಕಟ್ಟುವುದು ತನಗೆ. ಗಂಬೂಟ್ ತರಲು ಒಪ್ಪಿದರು. ಊಟದ ವ್ಯವಸ್ಥೆಯನ್ನು ಮಗಳು ನೋಡಿಕೊಳ್ಳುತ್ತಾಳಂತೆ. ಏಣಿಯ ಎದುರು ಮಾತ್ರ ಏನೂ ಬರೆದಿಲ್ಲ. "ನೋಡುವ" ಎನ್ನುತ್ತಾರೆ. ಆ ಮೆಣಸಿನ ಬಳ್ಳಿ ಅವರ ಅಪ್ಪ ಹಬ್ಬಿಸಿದ್ದು, ಅದಕ್ಕೇ ಹಠ.

ಕಾವೇರಿ ಕಣಿವೆ:
ಅಕ್ಕ, ಆ ಬಳ್ಳಿಯಿಂದಲೇ ಪೊದೆ ಮೆಣಸು ಮಾಡಿಸಿ. ಕಾಯಿ ಬಿಡೋ ಅಡ್ಡರೆಂಬೆ ಇರುತ್ತಲ್ಲ, ಅದರ ತುಂಡು ನೆಟ್ಟರೆ ಬಳ್ಳಿಯಾಗಲ್ಲ, ಪೊದೆಯಾಗೇ ನಿಲ್ಲುತ್ತೆ. ಕುಂಡದಲ್ಲೂ ಬರುತ್ತೆ, ನೆರಳಿನ ನೆಲದಲ್ಲೂ ಬರುತ್ತೆ, ನಿಂತೇ ಕೊಯ್ಯಬಹುದು. ಬೇರು ಬರೋದು ನಿಧಾನ, ಎಲ್ಲಾ ತುಂಡೂ ಬದುಕಲ್ಲ, ಅದಕ್ಕೆ ಒಂದಿಪ್ಪತ್ತು ಇಟ್ಟು ನೋಡಲಿ. ಅವರಪ್ಪನ ಬಳ್ಳಿಯದೇ ಮೆಣಸು, ಏಣಿ ಬೇಡ.

ಪುತ್ತೂರು ಟೀಚರ್:
ಓದಿ ಹೇಳಿದೆ. ತುಂಡು ಯಾವ ತಿಂಗಳಲ್ಲಿ ತೆಗೆಯಬೇಕು, ಎಷ್ಟು ಗೆಣ್ಣು ಇರಬೇಕು ಎಂದು ಕೇಳುತ್ತಿದ್ದಾರೆ.

ಕಾವೇರಿ ಕಣಿವೆ:
ಮೂರರಿಂದ ಐದು ಗೆಣ್ಣು. ಮಳೆ ಹಿಡಿದ ಮೇಲೆ ತೆಗೆಯಿರಿ, ಎಳೆಯದು ಬೇಡ, ಬಲಿತದ್ದು. ಎಲೆ ಒಂದನ್ನು ಬಿಟ್ಟು ಉಳಿದದ್ದು ತೆಗೆದು, ಮರಳು ಮಣ್ಣಿನ ತೊಟ್ಟೆಯಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ ನೆರಳಲ್ಲಿಡಿ. ತುಂಡು ತೆಗೆಯೋಕೆ ಮಾತ್ರ ಮೈದುನರ ಮಗನನ್ನು ಹತ್ತಿಸಿ.